ಹದಿನಾಲ್ಕನೇ ಲೂಯಿಯನ್ನು ಕಾಲಿನಿಂದ ಓದಿದ್ದು

1701ರಲ್ಲಿ ಹ್ಯಾಸಿಂತ್ ರಿಗೋ ಬರೆದ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಚಿತ್ರದಲ್ಲಿ ಮೊದಲ ಸಲ ನನಗೆ ಕಂಡದ್ದು ಬರೀ ಬಟ್ಟೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿರುವ ಮೂಲಚಿತ್ರ 277 ಸೆಂ.ಮೀ. ಎತ್ತರ. ನನ್ನ ಹತ್ತಿರ ಇದ್ದದ್ದು ಎ3 ಹಾಳೆಯ ಪ್ರಿಂಟು. ಅದನ್ನೇ ಮೇಜಿನ ಮೇಲೆ ಹರವಿಕೊಂಡು ಒಂದು ವಾರ ದಿನಾ ಅರ್ಧ ಗಂಟೆ ಕೂತೆ.

ನಿಲುವಂಗಿಯ ಬಿಳಿ ಒಳಪದರದಲ್ಲಿ ಅಲ್ಲಲ್ಲಿ ಕಪ್ಪು ಚುಕ್ಕೆಗಳಿವೆ. ಒಂದೊಂದೂ ಎರ್ಮಿನ್ ಎಂಬ ಪುಟ್ಟ ಪ್ರಾಣಿಯ ಬಾಲದ ತುದಿ. ಎಣಿಸಲು ಹೋಗಿ ಎರಡು ಸಲ ಲೆಕ್ಕ ತಪ್ಪಿ ಬಿಟ್ಟುಬಿಟ್ಟೆ.

ಬಲಗೈಯಲ್ಲಿರುವುದನ್ನು 'ಊರುಗೋಲು, ವಯಸ್ಸಾಗಿದೆ ಪಾಪ' ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಮೂರನೇ ದಿನ ತುದಿಯ ಲಿಲಿ ಹೂವು, ಫ್ರಾನ್ಸಿನ ದೊರೆಗಳ ಲಾಂಛನ, ಕಣ್ಣಿಗೆ ಬಿತ್ತು. ಅದು ರಾಜದಂಡ! ತಲೆಕೆಳಗು ಮಾಡಿ ದಿಂಬಿನ ಮೇಲೆ ಊರಿದ್ದಾನೆ, ಪಕ್ಕದಲ್ಲೇ ಕಿರೀಟ. ಅಧಿಕಾರವನ್ನು ಎತ್ತಿ ತೋರಿಸುವ ಗರಜೇ ಇಲ್ಲದವನ ಠೀವಿ ಅದು ಎಂದು ನನಗನ್ನಿಸುತ್ತದೆ. ಹಳೆಯ ಸಾಲನ್ನು ಹೊಡೆದುಹಾಕದೆ ಹಾಗೇ ಇಟ್ಟುಕೊಂಡಿದ್ದೇನೆ.

ನಿಜವಾಗಿ ಚಿತ್ರ ಬಿಚ್ಚಿಕೊಂಡದ್ದು ಮುಖದ ಮೇಲೆ ಒಂದು ಚೀಟಿ ಇಟ್ಟಾಗ. ಬಿಳಿ ರೇಷ್ಮೆ ಕಾಲುಚೀಲ, ಕೆಂಪು ಹಿಮ್ಮಡಿಯ ಬೂಟು, ಮೀನಖಂಡದ ತಿರುವು ನೋಡಿದರೆ ಇಪ್ಪತ್ತೈದರ ನರ್ತಕ. ಲೂಯಿ ನಿಜಕ್ಕೂ ನರ್ತಕನೇ. 1653ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಆಸ್ಥಾನದ ಬ್ಯಾಲೆಯೊಂದರಲ್ಲಿ ಸೂರ್ಯನ ವೇಷ ಹಾಕಿ ಕುಣಿದವನು. ಆಮೇಲೆ ಚೀಟಿಯನ್ನು ಕಾಲಿನ ಮೇಲಿಟ್ಟೆ. ಈಗ ಕುಳಿಬಿದ್ದ ಕೆನ್ನೆ, ಒಳಗೆ ಸರಿದ ತುಟಿ, ಅರವತ್ತು ದಾಟಿದ ಮುದುಕ. ಅಷ್ಟು ಹೊತ್ತಿಗಾಗಲೇ ಹಲ್ಲು ಬಹುಪಾಲು ಹೋಗಿತ್ತು. ದೊಡ್ಡ ವಿಗ್ಗು ಅದನ್ನು ಮುಚ್ಚುವುದಿಲ್ಲ, ರಿಗೋ ಕೂಡ ಮುಚ್ಚಲಿಲ್ಲ.

ಒಂದೇ ಹಾಳೆಯಲ್ಲಿ ಇಬ್ಬರು! ನನ್ನ ಕಲ್ಪನೆ ಅತಿಯಾಯಿತೇನೋ ಎಂದು ಹೆದರಿ ಹುಡುಕಿದರೆ, ತಲೆಯನ್ನು ಬೇರೆ ಕ್ಯಾನ್ವಾಸಿನ ಮೇಲೆ ಬರೆದು ಆಮೇಲೆ ದೊಡ್ಡ ಚಿತ್ರಕ್ಕೆ ಕೂಡಿಸಿದ್ದಂತೆ. ಒಬ್ಬನೇ ಕೂತು ಜೋರಾಗಿ ನಕ್ಕೆ.

ಸ್ಪೇನಿನ ಗದ್ದುಗೆ ಏರಿದ ಮೊಮ್ಮಗ ಐದನೇ ಫಿಲಿಪ್‌ಗೆ ಕಳಿಸಲೆಂದು ಬರೆಸಿದ ಚಿತ್ರವಿದು. ಮುಗಿದ ಮೇಲೆ ಲೂಯಿ ಮನಸೋತು ತಾನೇ ಇಟ್ಟುಕೊಂಡ. ಆ ಕೆನ್ನೆಯನ್ನು ನೋಡಿಯೂ! ಇಲ್ಲ, ಅವನೂ ನನ್ನ ಹಾಗೆ ಕಾಲಿನಿಂದ ಶುರು ಮಾಡಿದನೋ ಏನೋ. ನನ್ನ ಪ್ರಿಂಟಿನಲ್ಲಿ ಕುತ್ತಿಗೆಯ ಸುತ್ತ ಈಗಲೂ ಪೆನ್ಸಿಲ್ ಗೀರುಗಳಿವೆ, ಆ ಕೂಡಿಕೆ ಎಲ್ಲಿದೆ ಅಂತ ಹುಡುಕಿದ್ದು. ಸಿಕ್ಕಿಲ್ಲ.