ಫರ್ಮ್‌ವೇರ್‌ನಲ್ಲಿ ಭದ್ರತಾ ದೋಷ ಹುಡುಕುವ ಬಗೆ

ರೂಟರ್, ಐಪಿ ಕ್ಯಾಮೆರಾಗಳಂತಹ ಸಾಧನಗಳ ಫರ್ಮ್‌ವೇರ್ (ಸಾಧನದೊಳಗೆ ಕೂತು ಅದನ್ನು ನಡೆಸುವ ತಂತ್ರಾಂಶ) ಕೈಗೆ ಬಂದೊಡನೆ, ಯಂತ್ರಭಾಷೆಯನ್ನು ಓದಬಲ್ಲ ಕೋಡ್ ಆಗಿ ತೋರಿಸುವ ಡಿಸ್‌ಅಸೆಂಬ್ಲರ್ ತೆರೆದು ಕೂರುವವರೇ ಹೆಚ್ಚು. ನನ್ನ ಪ್ರಕಾರ ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಸಾಧನ ನಿಮ್ಮದೇ ಆಗಿರಬೇಕು, ಇಲ್ಲವೇ ಪರೀಕ್ಷೆಗೆ ಮಾಲೀಕರ ಲಿಖಿತ ಅನುಮತಿ ಇರಬೇಕು.

ತಯಾರಕರು ಅಪ್‌ಡೇಟ್ ಫೈಲ್ ಕೊಟ್ಟಿದ್ದರೆ ಅದೇ ಸಾಕು. ಇಲ್ಲದಿದ್ದರೆ ಬೋರ್ಡಿನ ಮೇಲಿರುವ ಎಸ್‌ಪಿಐ ಫ್ಲ್ಯಾಶ್ ಚಿಪ್ಪಿಗೆ (ಫರ್ಮ್‌ವೇರ್ ಶೇಖರವಾಗಿರುವ ಮೆಮೊರಿ ಚಿಪ್) ಕ್ಲಿಪ್ ಹಾಕಿ ಫ್ಲ್ಯಾಶ್‌ರೋಮ್ (flashrom) ತಂತ್ರಾಂಶದಿಂದ ಓದಿಕೊಳ್ಳಬಹುದು, ಆದರೆ ಚಿಪ್ 3.3 ವೋಲ್ಟಿನದೋ 1.8 ವೋಲ್ಟಿನದೋ ಎಂಬುದನ್ನು ಡೇಟಾಶೀಟಿನಲ್ಲಿ ಖಚಿತಪಡಿಸಿಕೊಂಡೇ ಕೈಹಾಕಬೇಕು. ಎರಡು ಬಾರಿ ಓದಿ ಹ್ಯಾಶ್ (ಫೈಲಿನಿಂದ ಲೆಕ್ಕಹಾಕಿದ, ಬೆರಳಚ್ಚಿನಂತಹ ಸಂಖ್ಯೆ) ಹೋಲಿಸಿದಾಗ ತಾಳೆಯಾಗದಿದ್ದರೆ ಬಹುತೇಕ ಕ್ಲಿಪ್ ಸರಿಯಾಗಿ ಕೂತಿರುವುದಿಲ್ಲ.

ಬಳಿಕ, ಫೈಲಿನೊಳಗೆ ಅಡಗಿರುವ ಭಾಗಗಳನ್ನು ಗುರುತಿಸುವ ಬಿನ್‌ವಾಕ್ ಓಡಿಸಿ. 27 05 19 56 ಎಂಬ ಬೈಟ್‌ಗಳು ಯು-ಬೂಟ್ (ಸಾಧನವನ್ನು ಚಾಲೂ ಮಾಡುವ ತಂತ್ರಾಂಶ) ಬಳಸುವ ಇಮೇಜಿನ, ಅಂದರೆ ಫರ್ಮ್‌ವೇರ್ ಫೈಲಿನ, ಹೆಡರ್ ಅನ್ನು ತೋರಿಸುತ್ತವೆ. ಅದರ ಮುಂದೆಲ್ಲೋ ಸ್ಕ್ವಾಶ್‌ಎಫ್‌ಎಸ್ (ಫೈಲ್‌ಗಳನ್ನು ಕುಗ್ಗಿಸಿ ಇಡುವ ಫೈಲ್ ಸಿಸ್ಟಮ್) ಸಿಕ್ಕರೆ ಇಡೀ ಫೈಲ್ ಸಿಸ್ಟಮ್ ಬಿಚ್ಚಿಕೊಳ್ಳುತ್ತದೆ. ಯಾವ ಗುರುತೂ ಸಿಗದೆ ಎಂಟ್ರೊಪಿ, ಅಂದರೆ ಬೈಟ್‌ಗಳು ಎಷ್ಟು ಅಸ್ತವ್ಯಸ್ತವಾಗಿವೆ ಎಂಬ ಅಳತೆ, ಮೊದಲಿನಿಂದ ಕೊನೆಯವರೆಗೂ ಗರಿಷ್ಠ ಮಟ್ಟದಲ್ಲೇ ಇದ್ದರೆ ಫೈಲ್ ಎನ್‌ಕ್ರಿಪ್ಟ್ ಆಗಿರುವ ಸಾಧ್ಯತೆ ಹೆಚ್ಚು. ಆಗ ಹಳೆಯ ಆವೃತ್ತಿಗಳನ್ನು ಹುಡುಕಬೇಕು, ಏಕೆಂದರೆ ಎನ್‌ಕ್ರಿಪ್ಶನ್ ಬರುವ ಮುನ್ನ ಬಿಡುಗಡೆಯಾದ ಕೊನೆಯ ಆವೃತ್ತಿಯಲ್ಲೇ ಅದನ್ನು ಬಿಡಿಸುವ ಕೋಡ್ ಅಡಗಿರುವುದುಂಟು.

ಬಿಚ್ಚಿಕೊಂಡ ಫೈಲ್‌ಗಳಲ್ಲಿ ಮೊದಲು ಓದಬೇಕಾದದ್ದು ಸಾಧನ ಚಾಲೂ ಆಗುವಾಗ ಓಡುವ ಸ್ಕ್ರಿಪ್ಟ್‌ಗಳನ್ನು. ದೂರದಿಂದ ಲಾಗಿನ್ ಆಗಲು ಬಿಡುವ ಟೆಲ್ನೆಟ್ ಸೇವೆ ಸದ್ದಿಲ್ಲದೆ ಶುರುವಾಗುತ್ತಿದೆಯೇ, ಪೂರ್ಣ ಅಧಿಕಾರವುಳ್ಳ ರೂಟ್ ಬಳಕೆದಾರನ ಪಾಸ್‌ವರ್ಡ್ ಹ್ಯಾಶ್ ಇಮೇಜಿನಲ್ಲೇ ಕೂತಿದೆಯೇ, ಖಾಸಗಿ ಕೀ (ಗುಟ್ಟಾಗಿರಬೇಕಾದ ಎನ್‌ಕ್ರಿಪ್ಶನ್ ಕೀಲಿ) ಫೈಲ್ ಇದೆಯೇ ಎಂಬುದು ಇಲ್ಲೇ ತಿಳಿಯುತ್ತದೆ. ಇಮೇಜಿನೊಳಗಿನ ಕೀಯನ್ನೇ ಸಾಧನ ಬಳಸುತ್ತಿದ್ದರೆ ಆ ಮಾದರಿಯ ಪ್ರತಿಯೊಂದು ಸಾಧನದಲ್ಲೂ ಅದೇ ಕೀ ಇರುತ್ತದೆ. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶ ಕೂಡ ಇಂತಹ ಕಾರ್ಖಾನೆ ಪಾಸ್‌ವರ್ಡ್‌ಗಳನ್ನೇ ನೆಚ್ಚಿಕೊಂಡಿತ್ತು.

ಇನ್ನು ಬೈನರಿಗಳು, ಅಂದರೆ ಯಂತ್ರಭಾಷೆಯಲ್ಲಿರುವ ಪ್ರೋಗ್ರಾಂಗಳು. ವೆಬ್ ಸರ್ವರ್ ಅನ್ನು ಗಿಡ್ರಾ ಎಂಬ ಡಿಸ್‌ಅಸೆಂಬ್ಲರ್‌ನಲ್ಲಿ ತೆರೆದು, ಕಮಾಂಡ್ ಓಡಿಸುವ 'ಸಿಸ್ಟಮ್' ಫಂಕ್ಷನ್ ಅನ್ನು ಯಾರು ಯಾರು ಕರೆಯುತ್ತಾರೆಂದು ಹಿಮ್ಮುಖವಾಗಿ ಹುಡುಕುತ್ತ ಹೋಗಿ. ಪಿಂಗ್ ಪರೀಕ್ಷೆಯ ಪುಟ ನನಗೆ ಮೊದಲು ನೆನಪಾಗುವ ಜಾಗ: ಬಳಕೆದಾರ ಟೈಪ್ ಮಾಡಿದ ವಿಳಾಸವನ್ನು ಸೋಸದೆ ಕಮಾಂಡಿಗೆ ಅಂಟಿಸಿದ್ದರೆ, ವಿಳಾಸದ ನಂತರ ಒಂದು ಅರ್ಧವಿರಾಮ (;) ಹಾಕಿ ಬರೆದ ಇನ್ನೊಂದು ಕಮಾಂಡೂ ಓಡುತ್ತದೆ, ಅದೂ ಹೆಚ್ಚಾಗಿ ರೂಟ್ ಅಧಿಕಾರದಲ್ಲಿ. ಬ್ಯುಸಿಬಾಕ್ಸ್‌ನಂತಹ (ಲಿನಕ್ಸ್‌ನ ಸಣ್ಣ ಕಮಾಂಡ್‌ಗಳ ಗುಚ್ಛ) ಘಟಕಗಳ ಆವೃತ್ತಿಯನ್ನು ಸಿವಿಇ ಪಟ್ಟಿಯೊಂದಿಗೆ (ಬಹಿರಂಗವಾದ ದೋಷಗಳ ಪಟ್ಟಿ) ಹೋಲಿಸಬೇಕು ನಿಜ, ಆದರೆ ಆವೃತ್ತಿ ಸಂಖ್ಯೆ ಬದಲಿಸದೆಯೇ ಪ್ಯಾಚ್ ಹಾಕಿರುವುದೂ ಉಂಟಾದ್ದರಿಂದ ಅಷ್ಟನ್ನೇ ಪುರಾವೆ ಎನ್ನಲಾಗದು.

ಸಾಧನದ ಪ್ರೊಸೆಸರನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಕ್ಯೂಇಎಂಯುನಲ್ಲಿ ಬೈನರಿ ಓಡಿಸಿ ನೋಡಬಹುದು. ಎನ್‌ವಿರಾಮ್ (ಸಾಧನದ ಸೆಟ್ಟಿಂಗ್‌ಗಳಿರುವ ಮೆಮೊರಿ) ಸಿಗದೆ ಅದು ಅರ್ಧಕ್ಕೇ ನಿಂತರೆ ಎನ್‌ವಿರಾಮ್ ಓದುವ ಕರೆಗಳಿಗೆ ಹುಸಿ ಉತ್ತರ ಕೊಡುವ ಲೈಬ್ರರಿಯೊಂದನ್ನು ಮೊದಲೇ ಲೋಡ್ ಮಾಡಬೇಕಾಗುತ್ತದೆ. ದೋಷವನ್ನು ನಿಜವಾದ ಸಾಧನದ ಮೇಲೆ ಖಚಿತಪಡಿಸಿಕೊಂಡ ನಂತರ ಆವೃತ್ತಿ, ಇಮೇಜಿನ ಹ್ಯಾಶ್, ಫಂಕ್ಷನ್ನಿನ ವಿಳಾಸ ಮತ್ತು ದೋಷ ಮರುಕಳಿಸುವ ಹಂತಗಳನ್ನು ಬರೆದು ತಯಾರಕರಿಗೆ ಕಳುಹಿಸಿ. ಪ್ಯಾಚ್ ಬರುವವರೆಗೆ ವಿವರಗಳನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.