ದಾರ ಸುಡೋ ಸ್ಪರ್ಧೆ: ಕಡ್ಡಿ ಗೀರೋಕೆ ಮುಂಚೆನೇ ಗೆಲ್ಲೋದು ಹೇಗೆ?

ಸ್ಕೌಟ್ ಕ್ಯಾಂಪ್‌ನಲ್ಲಿ ಗಂಟು ಹಾಕೋದು, ಟೆಂಟ್ ಎಬ್ಬಿಸೋದು, ಕಂಪಾಸ್ ಹಿಡ್ಕೊಂಡು ದಾರಿ ಹುಡುಕೋದು, ಇವನ್ನೆಲ್ಲ ಮಕ್ಕಳು ಹೇಗೋ ಸಂಭಾಳಿಸಿಬಿಡ್ತಾರೆ. ದಾರ ಸುಡೋ ಸ್ಪರ್ಧೆ ಬಂದಾಗ ಮಾತ್ರ ಪ್ರತಿ ಸಲ ಅದೇ ಕಥೆ. ಸೀಟಿ ಊದಿದ ತಕ್ಷಣ ಕೈಗೆ ಸಿಕ್ಕಿದ ಕಟ್ಟಿಗೆನೆಲ್ಲ ಗುಡ್ಡೆ ಹಾಕಿ, ಮೇಲಿಂದ ಬೆಂಕಿಕಡ್ಡಿ ಗೀರಿ ಇಟ್ಟು, ಅದು ಆರಿಹೋಗಿ, ಆಮೇಲೆ ನಾಲ್ಕು ಜನ ನಾಲ್ಕು ಕಡೆಯಿಂದ ಊದ್ತಾ ಕಣ್ಣಲ್ಲಿ ನೀರು ಸುರಿಸ್ಕೊಂಡು ಕೂತಿರ್ತಾರೆ.

ಗೊತ್ತಿಲ್ಲದವರಿಗೆ ಆಟ ಏನು ಅಂತ ಹೇಳಿಬಿಡ್ತೀನಿ. ಎರಡು ಗೂಟ ನೆಟ್ಟು ಅಡ್ಡಕ್ಕೆ ಎರಡು ದಾರ ಕಟ್ಟಿರ್ತಾರೆ, ಸಾಮಾನ್ಯವಾಗಿ ಕೆಳಗಿಂದು ನೆಲದಿಂದ ಒಂದಡಿ ಮೇಲೆ, ಮೇಲಿಂದು ಒಂದೂವರೆ ಅಡಿ ಮೇಲೆ. ಕಟ್ಟಿಗೆ ಜೋಡಿಸೋದು ಕೆಳಗಿನ ದಾರ ದಾಟಬಾರದು, ಉರಿ ಮಾತ್ರ ಮೇಲಿನ ದಾರ ಮುಟ್ಟಿ ಅದನ್ನ ಸುಟ್ಟು ತುಂಡು ಮಾಡಬೇಕು. ಯಾವ ಪಟ್ರೋಲ್‌ದು, ಅಂದ್ರೆ ಸ್ಕೌಟ್ ಮಕ್ಕಳ ಸಣ್ಣ ತಂಡದ್ದು, ಮೊದಲು ತುಂಡಾಗುತ್ತೋ ಅವರು ಗೆದ್ದ ಹಾಗೆ. ದಾರ ಸೆಣಬಿಂದೋ ಹತ್ತಿದೋ ಆಗಿರಬೇಕು. ಎಲ್ಲೋ ಸಿಕ್ತು ಅಂತ ನೈಲಾನ್ ಕಟ್ಟೋ ಆಯೋಜಕರಿದ್ದಾರೆ, ಅದು ಉರಿಯೋ ಮುಂಚೆನೇ ಕರಗಿ ಬಿಸಿ ಹನಿ ತೊಟ್ಟಿಕ್ಕುತ್ತೆ. ಅಂಥದ್ದು ಕಂಡ್ರೆ ಮುಲಾಜಿಲ್ದೆ ಬದಲಾಯಿಸಿ ಅಂತ ಕೇಳಿ.

ಮೊದಲನೇ ಕೆಲಸ, ನಿಯಮ ಪೂರ್ತಿ ಕೇಳ್ಕೊಳೋದು. ಎಷ್ಟು ಬೆಂಕಿಕಡ್ಡಿ ಕೊಡ್ತಾರೆ, ತಯಾರಿಗೆ ಎಷ್ಟು ಹೊತ್ತು, ಕಾಗದ ಅಥವಾ ಮೇಣದ ಚೂರು ಬಳಸಬಹುದಾ, ಉರಿ ಹತ್ತಿದ ಮೇಲೆ ಕೆಳಗಿನ ದಾರಕ್ಕಿಂತ ಎತ್ತರಕ್ಕೆ ಕಟ್ಟಿಗೆ ಹಾಕಬಹುದಾ. ಈ ಕೊನೇ ಪ್ರಶ್ನೆನ ಯಾರೂ ಕೇಳಲ್ಲ, ಆಮೇಲೆ ಜಗಳ ಆಗೋದೂ ಇದಕ್ಕೇ.

ಎರಡನೇದು ಜಾಗ. ಸುತ್ತ ಮೂರು ಮೀಟರ್ ತರಗೆಲೆ, ಒಣಹುಲ್ಲು ಗುಡಿಸಿಬಿಡಿ, ಒಂದು ಬಕೆಟ್ ನೀರು ಪಕ್ಕದಲ್ಲಿರಲಿ, ಕುತ್ತಿಗೆಯಲ್ಲಿರೋ ಸ್ಕಾರ್ಫ್ ಬಿಚ್ಚಿಡಿ. ಬಗ್ಗಿ ಊದುವಾಗ ಮೊದಲು ಬೆಂಕಿ ಕಡೆ ಜೋತಾಡೋದೇ ಅದು.

ಮೂರನೇದು ಕಟ್ಟಿಗೆ ಆರಿಸೋದು. ಸ್ಪರ್ಧೆ ಗೆಲ್ಲೋದೂ ಸೋಲೋದೂ ಇಲ್ಲೇ, ನಿಮಗಿರೋ ಸಮಯದಲ್ಲಿ ಮುಕ್ಕಾಲು ಪಾಲು ಇದಕ್ಕೇ ಕೊಡಿ. ನೆಲದ ಮೇಲೆ ಬಿದ್ದಿರೋದನ್ನ ಆರಿಸಬೇಡಿ, ನೋಡೋಕೆ ಒಣಗಿದ ಹಾಗೆ ಕಂಡ್ರೂ ಮಣ್ಣಿನ ತೇವ ಎಳ್ಕೊಂಡಿರುತ್ತೆ. ಒಣಗಿ ನಿಂತಿರೋ ಗಿಡದ್ದು, ಕೊಂಬೆ ನಡುವೆ ಸಿಕ್ಕಿಹಾಕ್ಕೊಂಡು ನೇತಾಡ್ತಿರೋದು ಬೇಕು. ಬಗ್ಗಿಸಿ ನೋಡಿ, ಟಕ್ ಅಂತ ಮುರಿದ್ರೆ ಇಟ್ಕೊಳಿ, ಬಾಗಿ ನಾರು ನಾರಾಗಿ ಬಿಟ್ಕೊಂಡ್ರೆ ಎಸೀರಿ. ಹಸಿ ಕಟ್ಟಿಗೆಗೆ ಬೆಂಕಿ ಹಚ್ಚಿದ್ರೆ ಶಾಖವೆಲ್ಲ ಅದರೊಳಗಿನ ನೀರನ್ನ ಆವಿ ಮಾಡೋದ್ರಲ್ಲೇ ಖರ್ಚಾಗುತ್ತೆ, ಉರಿ ಏಳೋದು ಎಲ್ಲಿಂದ?

ತಂದಿದ್ದನ್ನ ಮೂರು ಗುಡ್ಡೆ ಮಾಡಿ. ಬೆಂಕಿಕಡ್ಡಿಗಿಂತ ಸಣ್ಣ ಪುಳ್ಳೆ ಒಂದು, ಪೆನ್ಸಿಲ್ ದಪ್ಪದ್ದು ಇನ್ನೊಂದು, ಹೆಬ್ಬೆರಳು ದಪ್ಪದ್ದು ಮತ್ತೊಂದು. ಅದಕ್ಕಿಂತ ದಪ್ಪದ್ದು ಈ ಆಟಕ್ಕೆ ಬೇಡ, ನಾವು ಅಡುಗೆ ಮಾಡ್ತಿಲ್ಲ, ಕೆಂಡ ಬೇಕಿಲ್ಲ, ಎತ್ತರದ ಉರಿ ಬೇಕು, ಅದೂ ಬೇಗ. ಮಕ್ಕಳು ದಪ್ಪ ಸೌದೆ ಹೊತ್ಕೊಂಡು ಬಂದು ಹೆಮ್ಮೆಯಿಂದ ನಿಂತಿರ್ತಾರೆ, ಸಣ್ಣ ಪುಳ್ಳೆ ಮಾತ್ರ ಒಂದು ಹಿಡಿ ಇರುತ್ತೆ. ನಿಮಗೆ ಸಾಕು ಅನ್ಸಿದ ಮೇಲೆ ಅದರ ಎರಡರಷ್ಟು ತನ್ನಿ. ನಿಜಕ್ಕೂ ಉರಿಯೋದು ಕಟ್ಟಿಗೆ ಕಾದಾಗ ಅದರಿಂದ ಹೊರಡೋ ಅನಿಲ, ಸಣ್ಣ ಪುಳ್ಳೆ ಎಷ್ಟು ಬೇಗ ಕಾಯುತ್ತೋ ಅಷ್ಟು ಬೇಗ ಜ್ವಾಲೆ. ಬಿಳಿ ಹೊಗೆ ದಟ್ಟವಾಗಿ ಬರ್ತಿದ್ರೆ ಹೊತ್ಕೊಬೇಕಾಗಿದ್ದ ಅನಿಲ ಸುಮ್ಮನೆ ಮೇಲೆ ಹೋಗ್ತಿದೆ ಅಂತ ಅರ್ಥ.

ಮಳೆ ಬಂದು ಎಲ್ಲಾ ನೆನೆದಿದ್ರೆ ಒಣಗಿದ ಕಟ್ಟಿಗೆಯನ್ನೇ ಸೀಳಿ, ಒಳಗಡೆ ಒಣಗೇ ಇರುತ್ತೆ. ಗಂಟಿಲ್ಲದ, ಎಳೆ ನೇರ ಇರೋ ಸೀಳು ಒಂದನ್ನ ತಗೊಂಡು ಚಾಕು ಮಲಗಿಸಿ ಹಿಡಿದು ಮೇಲಿಂದ ಕೆಳಕ್ಕೆ ಹೆರೀರಿ, ತುದಿ ಬರೋ ಮುಂಚೆ ನಿಲ್ಲಿಸಿ, ಸುರುಳಿ ಕಟ್ಟಿಗೆಗೇ ಅಂಟ್ಕೊಂಡಿರಬೇಕು. ಹೀಗೆ ಒಂದರ ಪಕ್ಕ ಒಂದು ಮಾಡ್ತಾ ಹೋದ್ರೆ ಗರಿಗೆದರಿದ ಕಡ್ಡಿ ಸಿಗುತ್ತೆ, ಒದ್ದೆ ದಿನದಲ್ಲಿ ಇದಕ್ಕಿಂತ ಒಳ್ಳೇದಿಲ್ಲ. ಕಿತ್ತು ಬಂದ ಸುರುಳಿನೂ ಬಿಸಾಡಬೇಡಿ. ಹೆರೆಯೋವ್ರು ಮೊದಲು ಕೈ ಚಾಚಿ ಒಂದು ಸುತ್ತು ತಿರುಗಲಿ, ಯಾರಿಗೂ ತಾಗಲಿಲ್ಲ ಅಂದ್ರೆ ಮಾತ್ರ ಶುರು, ಚಾಕು ಯಾವಾಗ್ಲೂ ಮೈಯಿಂದ ಆಚೆಗೆ ಓಡಬೇಕು. ಮಡಚೋ ಮಲ್ಟಿಟೂಲ್ ಬೇಡ, ಒತ್ತಿದಾಗ ಬ್ಲೇಡ್ ಮಡಚ್ಕೊಂಡು ಬೆರಳಿಗೇ ಬರಬಹುದು, ನನ್ನ ಕೇಳಿದ್ರೆ ಮಡಚದ ಗಿಡ್ಡ ಚಾಕು ಒಂದೇ ಸಾಕು. ಹಾಗೇ ಕೀಚೈನ್‌ಗೆ ನೇತಾಕೋ, ಉಜ್ಜಿದ್ರೆ ಕಿಡಿ ಹಾರಿಸೋ ಕಡ್ಡಿಗಳು, ಬಣ್ಣಬಣ್ಣದ್ದು ಬರುತ್ತಲ್ಲ, ಬಹಳಷ್ಟು ಬರೀ ಶೋಕಿ, ಸೀಟಿ ಊದಿರುವಾಗ ಅದನ್ನ ಉಜ್ತಾ ಕೂರಬೇಡಿ. ಸೀಮೆಎಣ್ಣೆ, ಸ್ಪ್ರೇ ಅಂತೂ ತರಲೇಬೇಡಿ, ಡಿಸ್ಕ್ವಾಲಿಫೈ ಆಗೋದು ಬಿಡಿ, ಮುಖ ಸುಟ್ಕೋತೀರಿ.

ನಾಲ್ಕನೇದು ಜೋಡಣೆ. ಹೆಬ್ಬೆರಳು ದಪ್ಪದ್ದು ಎರಡನ್ನ ಸಮಾನಾಂತರವಾಗಿ ಇಡಿ, ಅದರ ಮೇಲೆ ಅಡ್ಡಕ್ಕೆ ಎರಡು, ಮತ್ತೆ ಅದರ ಮೇಲೆ ಉದ್ದಕ್ಕೆ ಎರಡು, ಹೀಗೆ ಕೆಳಗಿನ ದಾರದ ಮಟ್ಟದ ತನಕ ಚೌಕ ಗೂಡು ಕಟ್ಟಿ. ಅಗಲ ಒಂದು ಗೇಣು ಮೀರಬಾರದು, ಅಗಲ ಆದಷ್ಟೂ ಉರಿ ಹರಡಿ ಗಿಡ್ಡ ಆಗುತ್ತೆ. ಮಧ್ಯ ಖಾಲಿ ಜಾಗದಲ್ಲಿ ಸಣ್ಣ ಪುಳ್ಳೆ ನಿಲ್ಲಿಸಿ ತುಂಬಿ, ಅಡೀಲಿ ಮಾತ್ರ ಒಂದು ಮುಷ್ಟಿ ಹಿಡಿಸೋ ಬಾಯಿ ಬಿಡಿ, ಕಡ್ಡಿ ಹಚ್ಚೋದೂ ಅಲ್ಲಿಂದಲೇ, ಗಾಳಿ ಒಳಗೆ ಹೋಗೋದೂ ಅಲ್ಲಿಂದಲೇ. ಆ ಬಾಯಿ ಗಾಳಿ ಬರೋ ದಿಕ್ಕಿಗೆ ಇರಲಿ. ಗಾಳಿ ಜೋರಿದ್ರೆ ಇಡೀ ಗೂಡನ್ನ ಗಾಳಿ ಬರೋ ಕಡೆಗೇ ನಾಲ್ಕು ಬೆರಳು ಸರಿಸಿ ಕಟ್ಟಿ, ಯಾಕಂದ್ರೆ ಉರಿ ವಾಲುತ್ತೆ. ದಾರದ ಸರಿ ಕೆಳಗೆ ಕಟ್ಟಿ, ಉರಿ ಪಕ್ಕಕ್ಕೆ ವಾಲಿ, ದಾರ ಬರೀ ಕಪ್ಪಾಗಿ ಹಾಗೇ ಉಳಿಯೋದು ನೋಡಿದ್ರೆ ಅಯ್ಯೋ ಅನ್ಸುತ್ತೆ.

ಕಡ್ಡಿ ಗೀರೋನು ಒಬ್ಬನೇ ಇರಲಿ, ಯಾರು ಅಂತ ಮುಂಚೆನೇ ತೀರ್ಮಾನ ಆಗಿರಲಿ. ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡ್‌ನ ಬ್ರೌನ್‌ಸೀ ದ್ವೀಪದ ಮೊದಲ ಕ್ಯಾಂಪ್‌ನಲ್ಲೇ ಹುಡುಗರನ್ನ ನಾಲ್ಕು ಪಟ್ರೋಲ್ ಮಾಡಿ ಒಂದೊಂದಕ್ಕೂ ಒಬ್ಬ ಲೀಡರ್ ಇಟ್ಟಿದ್ದು, ಎಲ್ಲರೂ ಒಟ್ಟಿಗೆ ಕೈ ಹಾಕಿದ್ರೆ ಯಾವ ಕೆಲಸವೂ ಆಗಲ್ಲ. ಬೆನ್ನು ಗಾಳಿಗೆ ಕೊಟ್ಟು, ಕಡ್ಡಿ ತಲೆ ಕೆಳಮುಖ ಹಿಡೀರಿ, ಉರಿ ಕಡ್ಡಿ ಮೇಲೆ ಹತ್ಕೊಂಡು ಬರುತ್ತೆ, ಅದು ನಿಂತ ಮೇಲೆ ಅಡಿಯಿಂದ ಪುಳ್ಳೆಗೆ ತಾಗಿಸಿ. ಆಮೇಲೆ ಕೈ ಕಟ್ಕೊಂಡು ಕೂತ್ಕೊಳಿ! ಪುಳ್ಳೆ ಚಟಪಟ ಅನ್ನೋ ತನಕ ಊದೋದೇ ಬೇಡ, ಆಮೇಲೆ ಊದಿದ್ರೂ ಒಬ್ಬನೇ, ನೆಲಕ್ಕೆ ಬಗ್ಗಿ, ಬುಡಕ್ಕೆ, ಉದ್ದ ಉಸಿರಲ್ಲಿ. ಉರಿ ಕಮ್ಮಿ ಆಯ್ತು ಅಂತ ಗಾಬರಿಯಾಗಿ ದಪ್ಪದ್ದು ತುರುಕಬೇಡಿ, ಒಂದೊಂದು ಹಿಡಿ ಸಣ್ಣ ಪುಳ್ಳೆನೇ ಹಾಕಿ.

ದಾರ ತುಂಡಾಯ್ತು ಅಂತ ಕುಣೀತಾ ಓಡಿಹೋಗಬೇಡಿ. ನೀರು ಹಾಕಿ, ಕೋಲಲ್ಲಿ ಕೆದಕಿ, ಮತ್ತೆ ನೀರು ಹಾಕಿ, ಅಂಗೈ ಹಿಂಭಾಗ ಬೂದಿ ಹತ್ರ ತಂದು ನೋಡಿ, ಬಿಸಿ ತಾಗದಿದ್ರೆ ಆಮೇಲೆ ಮುಟ್ಟಿ ನೋಡಿ, ತಣ್ಣಗಿದ್ರೆ ಮುಗೀತು. ಗೂಟ ಕಿತ್ತು, ಉಳಿದ ದಾರ ಸುತ್ತಿ ವಾಪಸ್ ಕೊಡಿ, ಕೆಲವು ಕಡೆ ಇದಕ್ಕೂ ಮಾರ್ಕ್ಸ್ ಇರುತ್ತೆ.