ಸ್ಟಾರ್ ಇಲ್ಲದ ಸ್ಟಾರ್ ಪುಸ್ತಕ: ನನ್ನ ಅನುಭವ

ಗಾಂಧಿನಗರದ ಅಭಿಮಾನಿ ಸಂಘಗಳ ಮೇಲೆ ಮಾಡಿದ ನನ್ನ ಫೋಟೊ ಪುಸ್ತಕ 500 ಪ್ರತಿ ಹಾಕಿಸಿದ್ದೆ, ಹೆಚ್ಚುಕಮ್ಮಿ ಖಾಲಿಯಾಗಿದೆ. ಮುಕ್ಕಾಲು ಪಾಲು ಕೊಂಡವರು ಆ ಫೋಟೊಗಳಲ್ಲಿ ಇರುವವರೇ. "ಕಟೌಟಿಗೆ ಹಾಲು ಸುರಿಯೋರು ಪುಸ್ತಕ ಕೊಳ್ತಾರಾ?" ಅಂತ ನಕ್ಕಿದ್ದ ಗೆಳೆಯರು ದಯವಿಟ್ಟು ಓದಿ.

ಗೆಳೆಯರ ತಕರಾರು ಇದ್ದಿದ್ದು ಪುಸ್ತಕದಲ್ಲಿ ಸ್ಟಾರೂ ಇಲ್ಲ, ಬಣ್ಣವೂ ಇಲ್ಲ ಅಂತ. ನನ್ನ ಲೆಕ್ಕ ಬೇರೆ. ಸ್ಟಾರ್ ಫೋಟೊ ಅಭಿಮಾನಿಗಳ ಫೋನಿನಲ್ಲಿ ಬೇಕಾದಷ್ಟಿದೆ. ರಾತ್ರಿಯಿಡೀ ಸರ್ವೆ ಮರದ ಗಳ ಕಟ್ಟಿ, ಕಟೌಟ್ ನಿಲ್ಲಿಸಿ, ಮೇಲಕ್ಕೆ ಏರಿ ಹಾರ ಹಾಕುವ ಹುಡುಗನ ಒಂದು ಒಳ್ಳೆ ಫೋಟೊ ಯಾರ ಹತ್ತಿರವೂ ಇಲ್ಲ. ಅಮೆರಿಕದ ಫೋಟೊಗ್ರಾಫರ್ ಡ್ಯಾನಿ ಲಯನ್ ಷಿಕಾಗೊದ ಬೈಕ್ ಗುಂಪಿಗೆ ತಾನೇ ಸೇರಿ, ಅವರ ಮಾತನ್ನು ಟೇಪ್ ಮಾಡಿ, 1968ರಲ್ಲಿ ಫೋಟೊ ಜೊತೆಗೇ ಅಚ್ಚು ಹಾಕಿಸಿದ. ನಾನು ಯಾವ ಸಂಘಕ್ಕೂ ಸೇರಲಿಲ್ಲ (ಸೇರಿದ್ರೆ ಉಳಿದವರು ಹತ್ತಿರ ಬಿಟ್ಟುಕೊಳ್ಳಲ್ಲ), ಆದರೆ ಮಾತು ರೆಕಾರ್ಡ್ ಮಾಡೋದನ್ನು ಮಾತ್ರ ಅವನಿಂದಲೇ ಎತ್ತಿಕೊಂಡೆ.

ತೆಗೆಯುವ ಕೆಲಸದಲ್ಲಿ ಕಾಟ ಕೊಟ್ಟಿದ್ದು ಪಟಾಕಿ ಹೊಗೆ. ಫ್ಲ್ಯಾಶ್ ಕ್ಯಾಮೆರಾ ಮೇಲಿದ್ದರೆ ಮುಖದ ಬದಲು ಬಿಳಿ ಗೋಡೆ ಬರುತ್ತದೆ. ಫ್ಲ್ಯಾಶ್ ಬಿಡಿಸಿ ಕೇಬಲ್ ಹಾಕಿ, ಎಡಗೈ ಪೂರ್ತಿ ಚಾಚಿ, ಪಕ್ಕದಿಂದ ಹೊಡೆದರೆ ಹೊಗೆಯೇ ಚೆಂದ ಕಾಣುತ್ತದೆ. ಹಾಲಿಗೆ ಒಂದು ಸ್ಟಾಪ್ ಕಮ್ಮಿ (ಅಂದರೆ ಅರ್ಧ ಬೆಳಕು) ಇಡಿ, ಇಲ್ಲದಿದ್ದರೆ ಧಾರೆ ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ. ಲೆನ್ಸ್ ಮೇಲೆ ಬಿದ್ದ ಹಾಲನ್ನು ಆಗಲೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಣಗಿತೋ, ಫೋಕಸ್ ರಿಂಗ್ ತಿರುಗಲ್ಲ. ರಿಪೇರಿಗೆ ನಾಲ್ಕು ಸಾವಿರದ ಹತ್ತಿರ ಕೊಟ್ಟಿದ್ದೇನೆ.

ಥಿಯೇಟರ್ ಒಳಗೆ ಮ್ಯಾನೇಜರ್ ಹಾಕಿದ ಷರತ್ತು ಒಂದೇ, ಲೆನ್ಸ್ ಪರದೆ ಕಡೆ ತಿರುಗಬಾರದು. ನನಗೂ ಬೇಕಿದ್ದಿದ್ದು ಅದೇ. ಪರದೆಗೆ ಬೆನ್ನು ಹಾಕಿ ನಿಂತೆ. ಕತ್ತಲಿಗೆ ತಕ್ಕ ಕ್ಯಾಮೆರಾ ಸೆಟ್ಟಿಂಗ್: 6400 ಐಎಸ್ಒ, ಎಫ್ 2, ಸೆಕೆಂಡಿನ 60ನೇ ಒಂದು ಭಾಗ. ಹಾಡು ಬಂದಾಗ ಬೆಳಕು ಜಾಸ್ತಿ, ಫೈಟ್‌ನಲ್ಲಿ ಕತ್ತಲು. 'ಜೇಮ್ಸ್' ಬಿಡುಗಡೆಯಾಗಿದ್ದು 2022ರ ಮಾರ್ಚ್ 17, ಪುನೀತ್ ಹುಟ್ಟುಹಬ್ಬದ ದಿನ. ಅವರು ಹೋಗಿ ಐದು ತಿಂಗಳೂ ಆಗಿರಲಿಲ್ಲ. ಎಂಟ್ರಿ ಸೀನಿಗೆ ಬಾಯಲ್ಲಿ ಎರಡು ಬೆರಳಿಟ್ಟು ಶಿಳ್ಳೆ ಹೊಡೀತಾ, ಅದೇ ಹೊತ್ತಿಗೆ ಕೆನ್ನೆ ಮೇಲೆ ನೀರು ಇಳಿಸುತ್ತಿದ್ದ ಒಬ್ಬ ಆಟೊ ಡ್ರೈವರ್ ಫೋಟೊ ಇದೆಯಲ್ಲ, ಪುಸ್ತಕ ನಿಂತಿರುವುದೇ ಅದರ ಮೇಲೆ.

ಇನ್ನು ಪ್ರೆಸ್. ಡಿಜಿಟಲ್ ಕಲರ್, ಹಾರ್ಡ್ ಬೌಂಡ್ ಅಂದರೆ ಪ್ರತಿಗೆ 900 ಹೇಳಿದರು. ಅದಕ್ಕೇ 90 ಜಿಎಸ್ಎಂ ತೂಕದ ಮ್ಯಾಪ್‌ಲಿಥೊ (ಲೇಪ ಇಲ್ಲದ ಕಾಗದ), ಒಂದೇ ಬಣ್ಣ, ಆಫ್‌ಸೆಟ್ ಆರಿಸಿಕೊಂಡೆ. 96 ಪುಟ ಅಂದರೆ 16 ಪುಟದ ಆರು ಫಾರಂ (ಒಟ್ಟಿಗೆ ಅಚ್ಚಾಗಿ ಮಡಿಚುವ ಪುಟಗಳ ಕಟ್ಟು). ಮ್ಯಾಪ್‌ಲಿಥೊ ಇಂಕ್ ಕುಡಿಯುತ್ತದೆ, ಕಪ್ಪು ಇನ್ನೂ ಕಪ್ಪಾಗುತ್ತದೆ. ಮೊದಲ ಪ್ರೆಸ್‌ನಲ್ಲಿ ರಾತ್ರಿ ಫೋಟೊಗಳೆಲ್ಲ ಇದ್ದಿಲಾಗಿ ಬಂದವು. ಆಪರೇಟರ್ "ಸಾರ್, ನಿಮ್ಮ ಫೈಲೇ ಹಂಗೆ" ಅಂದ. ಅಲ್ಲಿ ಅಚ್ಚಾದ ಎರಡು ಫಾರಂ ರದ್ದಿ ತೂಕಕ್ಕೆ ಹೋಯ್ತು, ನಷ್ಟ ಸುಮಾರು ಹದಿನೆಂಟು ಸಾವಿರ. ಎರಡನೇ ಪ್ರೆಸ್‌ಗೆ ಕೊಡುವ ಮುಂಚೆ ಫೈಲ್‌ಗಳ ಕಪ್ಪು ಭಾಗ ಎತ್ತಿದೆ, ಅಂದರೆ ತಿಳಿಯಾಗಿಸಿದೆ. ಎಷ್ಟು ಎತ್ತಿದೆ ಅನ್ನೋ ಲೆಕ್ಕ ಮಾತ್ರ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ನಡುವೆ ಒಂದು ಹುಚ್ಚು ಹತ್ತಿತು. ಬಿಡುಗಡೆ ಮುಗಿದ ಮೇಲೆ ಇಳಿಸಿದ ಫ್ಲೆಕ್ಸ್ ಏನಾಗುತ್ತದೆ? ಯಾರದೋ ಶೀಟ್ ಮನೆಯ ಮೇಲೆ ಸೋರದಂತೆ ಹೊದಿಕೆ. ಅದನ್ನೇ ಕತ್ತರಿಸಿ ಪುಸ್ತಕಕ್ಕೆ ರಟ್ಟು ಮಾಡಿದರೆ? ಒಂದು ಪ್ರತಿ ಮೇಲೆ ಕಿವಿ, ಇನ್ನೊಂದರ ಮೇಲೆ ಕೂಲಿಂಗ್ ಗ್ಲಾಸಿನ ಮೂಲೆ, ಮತ್ತೊಂದರ ಮೇಲೆ ಬರೀ ಸಂಘದ ಹೆಸರಿನ ಅರ್ಧ. ಬೈಂಡರ್ ಫೆವಿಕಾಲ್ ಹಚ್ಚಿದ, ಮಾರನೇ ದಿನ ಸಿಪ್ಪೆ ಥರ ಎದ್ದು ಬಂತು. ಫ್ಲೆಕ್ಸ್ ಅಂದರೆ ಪಿವಿಸಿ ಪ್ಲಾಸ್ಟಿಕ್, ಅದಕ್ಕೆ ಫೆವಿಕಾಲ್ ಹಿಡಿಯಲ್ಲ. ಬೇರೆ ಗೋಂದು ಹಾಕಿದರೆ ವಾಸನೆ. ಕೊನೆಗೆ ಶಾಮಿಯಾನ ಹೊಲಿಯುವವರ ಹತ್ತಿರ ಹೋದೆ. ಅವರ ದಪ್ಪ ಮಿಷನ್ ಫಾರಂ, ಫ್ಲೆಕ್ಸ್ ಎರಡನ್ನೂ ಸೇರಿಸಿ ನಡುವೆ ಒಂದೇ ಸಾಲು ಹೊಲಿದು ಕೊಟ್ಟಿತು. ಪ್ರತಿಗೆ 12 ರೂಪಾಯಿ! ಫ್ಲೆಕ್ಸ್ ಸುರುಟದ ಹಾಗೆ ಮಾಡಿದ್ದು ಹೇಗೆ ಅನ್ನೋದನ್ನೂ ಸದ್ಯಕ್ಕೆ ಹೇಳಲ್ಲ.

ಕೊನೆಗೆ ಪ್ರತಿಗೆ ಬಿದ್ದಿದ್ದು 190ರ ಆಸುಪಾಸು, ಹಾಳಾದ ಪೇಪರ್ ಸೇರಿಸಿ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಪುಕ್ಕಟೆ ಸಿಗುತ್ತದೆ, ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬೆಲೆ 350 ಇಟ್ಟೆ. ಅಂಗಡಿಗೆ ಕೊಟ್ಟರೆ ನೂರಕ್ಕೆ ನಲವತ್ತು ಕಮಿಷನ್ ಕೇಳುತ್ತಾರೆ, ಹಾಗಾಗಿ ಕೊಡಲಿಲ್ಲ. ಕೊನೆಯ ನಾಲ್ಕು ಪುಟದಲ್ಲಿ ಸಂಘಗಳ ಹೆಸರು, ಏರಿಯಾ ಸಮೇತ ಹಾಕಿ, ಅಚ್ಚಿಗೆ ಮುಂಚೆ ಆ ಪುಟಗಳ ಪ್ರೂಫ್ ಹಿಡಿದುಕೊಂಡು ಸಂಘದ ಅಧ್ಯಕ್ಷರನ್ನು ನೋಡಿದೆ. "ನಮ್ಮ ಹೆಸರು ಸಣ್ಣಕ್ಕಿದೆಯಲ್ಲಾ ಅಣ್ಣ" ಅಂತ ಬೈದವರೇ ಹತ್ತತ್ತು ಪ್ರತಿಗೆ ಅಡ್ವಾನ್ಸ್ ಕೊಟ್ಟರು. ಪೇಪರ್ ದುಡ್ಡು ಅಲ್ಲೇ ಹುಟ್ಟಿತು. ಉಳಿದಿದ್ದನ್ನು ಸ್ಟಾರ್‌ಗಳ ಹುಟ್ಟುಹಬ್ಬದ ದಿನಗಳಲ್ಲಿ ಥಿಯೇಟರ್ ಮುಂದೆ ಚೀಲದಲ್ಲಿಟ್ಟುಕೊಂಡು ಮಾರಿದೆ.

ಕಲರ್ ಕೇಳಿದವರು ಬಹಳ ಕಮ್ಮಿ. ತಮ್ಮ ಮುಖ ಯಾವ ಪುಟದಲ್ಲಿದೆ ಅಂತ ಕೇಳಿದವರೇ ಎಲ್ಲ. ಎರಡನೇ ಮುದ್ರಣಕ್ಕೆ ಮಾಗಡಿ ರೋಡ್ ಕಡೆಯ ಸಂಘಗಳೂ ಸೇರುತ್ತಿವೆ, ಒಂದು ಫಾರಂ ಜಾಸ್ತಿ ಆಗುತ್ತದೆ, ಬೆಲೆ 400 ಮಾಡಬೇಕು. ಫ್ಲೆಕ್ಸ್ ಇದ್ದವರು ಎತ್ತಿಡಿ, ಬಂದು ತಗೊಂಡು ಹೋಗುತ್ತೇನೆ.